ಮೆಂತ್ಯ ಬಳಿದ ರೆಕ್ಕೆ

ಮನುಷ್ಯನಿಗೆ ನಿಲ್ಲುವುದನ್ನು ಕಲಿಸಲು ಮನೆಮಂದಿಯೆಲ್ಲ ಸೇರುತ್ತಾರೆ. ನಡೆಯುವುದನ್ನು ಕಲಿಸಲು ಮೂರು ಗಾಲಿಯ ಬಂಡಿ ಮಾಡಿಸಿಕೊಡುತ್ತಾರೆ. ಮಾತು ಕಲಿಸಲು ಅಜ್ಜಿಯರಿದ್ದಾರೆ, ಸುಮ್ಮನಿರುವುದನ್ನು ಕಲಿಸಲು ಮೇಷ್ಟರಿದ್ದಾರೆ. ಕೂರುವುದನ್ನು ಮಾತ್ರ ಯಾರೂ ಯಾರಿಗೂ ಕಲಿಸುವುದಿಲ್ಲ. ಅದೇನು ಮಹಾ ವಿದ್ಯೆ, ಜಾಗ ಕಂಡಲ್ಲಿ ಕೂತರಾಯಿತು ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕೊಳ್ಳೇಗಾಲದ ನಮ್ಮ ಮನೆಯ ದಿವಾನ್ ಮಂಚದ ಮೇಲೆ ಒಗೆದು ಒಣಗಿಸಿದ ಬಟ್ಟೆಗಳು ಬಿದ್ದಿದ್ದವು, ಕೈಯಲ್ಲಿ ಸಂಜೆಯ ಕಾಫಿ ಇತ್ತು, ಕೂತೆ. ಹಪ್ಪಳ ಮುರಿದಂಥ ಸದ್ದಾಯಿತು. ಮುರಿದದ್ದು ವಿಮಾನ.

ವಿಮಾನ ನನ್ನ ಹೆಂಡತಿ ಗೌರಮ್ಮಣ್ಣಿಯದು. ಅವಳು ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ; ದಿನಾ ಬೆಳಗ್ಗೆ ಬಸ್ಸು ಹಿಡಿದು ಹೋಗಿಬರುವವಳು. ವರ್ಷವರ್ಷವೂ ಬೋರ್ಡಿನ ಮೇಲೆ ರೆಕ್ಕೆಯ ಚಿತ್ರ ಬರೆದು, ಮೇಲಿನ ಗಾಳಿ ಹೀಗೆ, ಕೆಳಗಿನ ಗಾಳಿ ಹಾಗೆ ಎಂದು ಬಾಣದ ಗುರುತು ಹಾಕಿ ಪಾಠ ಮಾಡಿದವಳು. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನೀವು ಯಾವತ್ತಾರ ಒಂದ್ನಾರ ಆರ್ಸಿದ್ದೀರಾ?” ಎಂದು ಕೇಳಿಬಿಟ್ಟಳಂತೆ. ಹಾರಿಸುವುದಿರಲಿ, ವಿಮಾನದೊಳಕ್ಕೆ ಕಾಲಿಟ್ಟವಳೂ ಅಲ್ಲ ನಮ್ಮ ಗೌರಮ್ಮಣ್ಣಿ. “ನಾನು ರಿಟೈರಾಗೋ ದಿವ್ಸ ಸ್ಕೂಲ್ ಫೀಲ್ಡಲ್ಲೇ ಹಾರುಸ್ತೀನಿ, ನೋಡೀಯಂತೆ” ಎಂದು ಮಾತು ಕೊಟ್ಟು ಬಂದಳು. ಅಲ್ಲಿಂದ ಮನೆ ಕಾರ್ಖಾನೆಯಾಯಿತು. ಮೊಬೈಲಿನಲ್ಲಿ ವಿಡಿಯೊ ನೋಡುವುದು, ಬಿಸಿ ತಂತಿಯಿಂದ ಥರ್ಮಾಕೋಲು ಕೊಯ್ಯುವುದು, ಮೂತಿಗೆ ಪುಟ್ಟ ಮೋಟಾರು ಕೂರಿಸುವುದು. ಸಾರಿನಲ್ಲೂ ಬಿಳಿ ಕಾಳು ತೇಲುತ್ತಿದ್ದವು. ಕೊನೆಗೆ ಎಲ್ಲ ಮುಗಿದು, ರಿಟೈರಾಗಲು ಒಂದು ವಾರ ಇದೆಯೆನ್ನುವಾಗ, ಎರಡು ಮೊಳದ ಆ ರೆಕ್ಕೆಯನ್ನು ಯಾರೂ ಮುಟ್ಟದಿರಲಿ ಎಂದು ಬಟ್ಟೆ ಮುಚ್ಚಿಟ್ಟಿದ್ದಳು. ನಾನು ಮುಟ್ಟಲಿಲ್ಲ. ಕೂತೆ.

ಸದ್ದು ಕೇಳಿ ಅಡುಗೆಮನೆಯಿಂದ ಬಂದಳು. “ಏಳಿ” ಅಂದಳು. ಎದ್ದೆ. ಎರಡು ತುಂಡಾದ ರೆಕ್ಕೆಯನ್ನು ಎತ್ತಿಕೊಂಡು, “ಕಾಪಿ ಆರೋಯ್ತದೆ, ಕುಡೀರಿ” ಎಂದಳು. ಅಷ್ಟೇ. ಆಮೇಲೆ ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳಕ್ಕಾದರೆ ತಿರುಗಿ ಏನಾದರೂ ಅನ್ನಬಹುದು. ಬಿಸಿಬಿಸಿ ಊಟ ಬಡಿಸಿ ಸುಮ್ಮನೆ ಎದ್ದು ಹೋಗುವವಳಿಗೆ ಏನೆನ್ನುವುದು?

ರಿಪೇರಿಗೆ ನಾನೇ ಕೂತೆ, ಈ ಸಲ ನೆಲದ ಮೇಲೆ. ಚಪ್ಪಲಿಗೆ ಹಚ್ಚುವ ಸೊಲ್ಯೂಷನ್ ಟ್ಯೂಬು ಮನೆಯಲ್ಲಿತ್ತು. ನನ್ನ ಭಾರ ಹೊರುವ ಚಪ್ಪಲಿಯನ್ನೇ ಹಿಡಿದು ನಿಲ್ಲಿಸಿದ ಅಂಟು, ಹಕ್ಕಿಯಂಥ ರೆಕ್ಕೆಯನ್ನು ಬಿಟ್ಟೀತೇ ಎಂದು ಧಾರಾಳವಾಗಿ ಸವರಿದೆ. ಥರ್ಮಾಕೋಲು ಬಿಸಿನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗತೊಡಗಿತು. ಒರೆಸಿದೆ, ಒರೆಸಿದಲ್ಲೂ ಹಳ್ಳ ಬಿತ್ತು. ನೋಡನೋಡುತ್ತ ರೆಕ್ಕೆಯೆಲ್ಲ ಮಳೆ ನಿಂತ ಮೇಲಿನ ಬಂಡಿದಾರಿಯಂತಾಯಿತು. ಗೌರಮ್ಮಣ್ಣಿ ಬಂದು ನೋಡಿ, ಒಳಗೆ ಹೋಗಿ, ಮರಗೆಲಸದ ಬಿಳಿ ಅಂಟಿನ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ಥರ್ಮಾಕೋಲಿಗೆ ಯಾವ ಅಂಟು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪೂರ್ತಿ ಪಾಠ ಆ ಕುಕ್ಕಿದ ಸದ್ದಿನಲ್ಲಿತ್ತು. ಬಿದಿರಿನ ಸೀಳೊಂದನ್ನು ಒಳಗೆ ಹುದುಗಿಸಿ, ಆ ಅಂಟಿನಲ್ಲಿ ಎರಡೂ ತುಂಡನ್ನು ಕೂಡಿಸಿದೆ. ಮೂಳೆ ಕೂಡಿತು, ಹಳ್ಳ ಉಳಿಯಿತು. ತುಂಬುವುದು ಯಾವುದರಿಂದ? ಹಗುರವಿರಬೇಕು, ಗಟ್ಟಿಯಿರಬೇಕು, ನುಣುಪಿರಬೇಕು. ನೀರು ಕುಡಿಯಲು ಅಡುಗೆಮನೆಗೆ ಹೋದವನಿಗೆ ಗೋಡೆಗೊರಗಿದ್ದ ಪ್ಲಾಸ್ಟಿಕ್ ಮೊರ ಕಂಡಿತು. ಮೊರದ ಹಿಂದೆಯೇ ಶಾಗ್ಯದ ಅಜ್ಜಿ ನೆನಪಾಗಿ ಬಂದು ನಿಂತಳು.

ನಾನು ಬೆಳೆದದ್ದು ಹನೂರಿನ ಹತ್ತಿರದ ಶಾಗ್ಯದಲ್ಲಿ, ಆ ಅಜ್ಜಿಯ ಮಡಿಲಲ್ಲಿ. ಮಾತು ಕಲಿತದ್ದೂ ಅವಳಿಂದಲೇ. ಹಾಗಾಗಿ ಇಂದಿಗೂ ನನ್ನ ಬಾಯಿಗೆ ‘ಹ’ಕಾರ ಎಂದರೆ ನೆಂಟನಿದ್ದಂತೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹನೂರು ಸಂತೆಯಿಂದ ಹೊಸ ಮೊರ ಬಂದರೆ ಅದನ್ನು ಹಾಗೆಯೇ ಬಳಸುವಂತಿರಲಿಲ್ಲ. ಬಿದಿರಿನ ಹೆಣಿಗೆಯ ಸಂದಿಯಲ್ಲಿ ರಾಗಿ ಸೋರಿಹೋಗುತ್ತದೆ. ಅಜ್ಜಿ ಮೆಂತ್ಯ ನೆನೆಹಾಕಿ, ಸಾಮಾನು ಕಟ್ಟಿ ಬಂದ ಕಾಗದವನ್ನೆಲ್ಲ ನೆನೆಸಿ, ಎರಡನ್ನೂ ಒರಳಿನಲ್ಲಿ ರುಬ್ಬಿ, ಆ ಲೋಳೆಯನ್ನು ಅಂಗೈಯಲ್ಲಿ ಮೊರಕ್ಕೆ ಸವರುತ್ತಿದ್ದಳು. ಜಗಲಿಯೆಲ್ಲ ಕಹಿಗಂಪು. ಮಕ್ಕಳಾದ ನಾವು ಬೆರಳದ್ದಿ ನೆಕ್ಕಿ ಮುಖ ಕಿವುಚಿ, ಮತ್ತೆ ಬೆರಳದ್ದುತ್ತಿದ್ದೆವು. ಒಮ್ಮೆ ಚಿಕ್ಕಪ್ಪ ಅವಸರಕ್ಕೆ ಒಂದೇ ಮಗ್ಗುಲಿಗೆ ಬಳಿದು ಬಿಸಿಲಿಗಿಟ್ಟ. ಸಂಜೆಗೆ ಮೊರ ತಿರುಚಿಕೊಂಡು ಕೂತಿತ್ತು. “ನೋಡ್ಲಾ, ಮುನಿಸ್ಕಬುಡ್ತು!” ಎಂದಳು ಅಜ್ಜಿ. “ಒಂದ್ ಮಗ್ಗುಲ್ಗೆ ಬಳ್ದು ಇನ್ನೊಂದ್ ಮಗ್ಗುಲ್ನ ಮರ್ತ್ರೆ ಯಾರ್ ತಾನೆ ಸುಮ್ಕಿದ್ದಾರು? ಎಲ್ಡೂ ಮಗ್ಗುಲ್ಗೂ ಸಮ್ಕೆ ಬಳೀಬೇಕು ಕಣ್ಲಾ, ನೆಳ್ಳಲ್ಲಿ ಒಣಗಿಸ್ಬೇಕು.” ಆಮೇಲೆ ಮೊರಕ್ಕೆ ನೀರು ಚಿಮುಕಿಸಿ, ಮಗುಚಿ ಹಾಕಿ, ಅಂಚಿಗೆ ಕಲ್ಲು ಹೇರಿ, “ಬಾರವ್ವ, ನೆಟ್ಗಾಗವ್ವ” ಎಂದು ರಮಿಸಿದಳು. ತಾತನ ಹತ್ತಿರ ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಮೊರ ಮರುದಿನ ನೆಟ್ಟಗಾಯಿತು. ಈಗ ಅಜ್ಜಿಯೂ ಇಲ್ಲ, ಆ ಒರಳೂ ಎಲ್ಲಿಗೆ ಹೋಯಿತೋ. ಪ್ಲಾಸ್ಟಿಕ್ ಮೊರಕ್ಕೆ ಮೆಂತ್ಯ ಬೇಕಿಲ್ಲ. ಮುನಿಸಿಕೊಳ್ಳುವುದೂ ಅದಕ್ಕೆ ಬರುವುದಿಲ್ಲ.

ಮೆಂತ್ಯ ನೆನೆಹಾಕಿದೆ. ಒರಳಿಗೆ ಬದಲು ಮಿಕ್ಸಿ. ಹಳ್ಳಗಳಿಗೆ ಕಾಗದದ ಲೋಳೆ ತುಂಬಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ತಿಕ್ಕಿ ನುಣುಪು ಮಾಡಿದೆ. ಮೇಲೆ ಹೊದಿಸಲು ತೆಳುವಾದ ಹಾಳೆ ಬೇಕಿತ್ತು; ರದ್ದಿಗೆಂದು ಕಟ್ಟಿಟ್ಟಿದ್ದ ಟೆಸ್ಟಿನ ಉತ್ತರ ಪತ್ರಿಕೆಗಳು ಅಟ್ಟದಲ್ಲಿದ್ದವು. ಹಾಳೆಗೆ ಮೆಂತ್ಯ ಬಳಿದು, ರೆಕ್ಕೆಯ ಮೇಲೊಂದು ಪದರ, ಕೆಳಗೊಂದು ಪದರ ಸಮನಾಗಿ ಅಂಟಿಸಿದೆ. ನೆರಳಿನಲ್ಲಿಟ್ಟೆ. ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳಲ್ಲಿ ನೇವರಿಸಿ, “ಬಾರವ್ವ, ನೆಟ್ಗಾಗವ್ವ” ಎಂದೂ ಅಂದೆ.

“ಯಾರ್ಗೆ ಯೋಳ್ತಿದ್ದೀರಿ? ನಂಗಾ, ರೆಕ್ಕೆಗಾ?” ಎಂದು ಬೆನ್ನ ಹಿಂದಿನಿಂದ ಬಂತು.

ಅಷ್ಟು ದಿನಗಳ ಮೇಲೆ ಮೊದಲ ಮಾತು. “ಇಬ್ರಿಗೂವೆ” ಎಂದೆ.

“ಮೊದ್ಲು ರೆಕ್ಕೆ ಆಗ್ಲಿ. ಆಮೇಲ್ ನೋಡಾಣ.”

ರೆಕ್ಕೆ ನೆಟ್ಟಗೇ ಒಣಗಿತು. ಅದನ್ನು ಕಟ್ಟಿದ ವಿಮಾನವನ್ನು ಗೌರಮ್ಮಣ್ಣಿ ನಡುವಿಗೆ ಎರಡು ಬೆರಳು ಕೊಟ್ಟು ಎತ್ತಿ ನೋಡಿದಳು. ನಾನು ಮುರಿದ ಮಗ್ಗುಲು ವಾಲಿತು; ಪಶ್ಚಾತ್ತಾಪ ಅಲ್ಲಿ ಸ್ವಲ್ಪ ದಪ್ಪನಾಗಿ ಬಿದ್ದಿತ್ತು. “ಸಮ್ಕೆ ಬಳ್ದೆ ಅಂದ್ರಲ್ಲ?” ಎಂದಳು. “ಮೇಲೂ ಕೆಳಗೂ ಸಮ್ಕೆ ಬಳ್ದಿವ್ನಿ. ಎಡಕ್ಕೂ ಬಲಕ್ಕೂ ಅಂತ ಅಜ್ಜಿ ಯೋಳಿರ್ನಿಲ್ಲ” ಎಂದೆ. ಅವಳು ಸೆರಗಿನ ಪಿನ್ನು ಬಿಚ್ಚಿ ಇನ್ನೊಂದು ತುದಿಗೆ ಚುಚ್ಚಿದಳು. ವಿಮಾನ ತಕ್ಕಡಿಯಂತೆ ನಿಂತಿತು.

ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣಗಳೆಲ್ಲ ಮುಗಿದು ಎಲ್ಲರೂ ಫೀಲ್ಡಿಗಿಳಿದೆವು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಹೆಡ್‌ಮಾಸ್ಟರು ನನ್ನನ್ನು ಮುಂದೆ ಕರೆದು, “ರೆಕ್ಕೆ ರಿಪೇರಿ ಮಾಡಿದವರು ಮೇಡಂ ಅವರ ಯಜಮಾನರು. ಚಪ್ಪಾಳೆ!” ಎಂದರು. “ಮುರಿದವ್ರೂ ಅವ್ರೇ ಸಾರ್, ಅದ್ಕೂ ಹೊಡೀಲಿ” ಎಂದಳು ಗೌರಮ್ಮಣ್ಣಿ. ಎರಡನೆಯ ಚಪ್ಪಾಳೆಯೇ ಜೋರಾಗಿತ್ತು. ಹಿಂದಿನ ಬೆಂಚಿನ ಆ ಹುಡುಗಿಯ ಕೈಗೇ ವಿಮಾನ ಕೊಟ್ಟು ಎಸೆಯಲು ಹೇಳಿದಳು. ಅದು ಮೊದಲು ನೆಲ ಮುಟ್ಟುವಷ್ಟು ಕುಸಿಯಿತು. ಆಮೇಲೆ ಏನೋ ಜ್ಞಾಪಕ ಬಂದಂತೆ ಮೂತಿಯೆತ್ತಿ ಏರಿತು. ತಲೆಯ ಮೇಲೆ ಹಾದುಹೋದಾಗ ಹುಡುಗನೊಬ್ಬ, “ಮಿಸ್, ಅದ್ರಲ್ಲಿ ನನ್ ಸೊನ್ನೆ ಕಾಣ್ತಾ ಅದೆ!” ಎಂದು ಕುಣಿದ. ಗೌರಮ್ಮಣ್ಣಿಗೆ ಕೇಳಿಸಲಿಲ್ಲ. ರಿಮೋಟು ಹಿಡಿದು, ಕತ್ತೆತ್ತಿ ವಿಮಾನವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಬೋರ್ಡಿನಲ್ಲಿ ಬರೆದು ಅಳಿಸಿದ ಬಾಣಗಳೆಲ್ಲ ಅವಳಿಗೆ ಅಂದು ಆಕಾಶದಲ್ಲಿ ಕಂಡಿರಬೇಕು.

ಇಳಿಯುವಾಗ ಮಾತ್ರ ಅದು ಕಾಂಪೌಂಡು ದಾಟಿ ಪಕ್ಕದ ಹೊಲದಲ್ಲಿ ಬಿತ್ತು. ನಾವು ಓಡಿ ಹೋಗುವಷ್ಟರಲ್ಲಿ ಒಂದು ಮೇಕೆ ರೆಕ್ಕೆಯ ತುದಿಯನ್ನು ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಮೇಕೆಯ ಒಡತಿ ಮುದುಕಿ ಕೋಲು ಬೀಸುತ್ತಾ, “ಅದೇನ್ ಬಳ್ದಿದ್ದೀರಿ ಸಾ ಅದ್ಕೆ? ಬೆಳುಗ್ನಿಂದ ಸೊಪ್ ಮುಟ್ನಿಲ್ಲ ಕಣ್ರಿ ಇದು!” ಎಂದಳು. ಹೆಂಡತಿಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಸದ್ದು ಕೇಳಿ ತಿರುಗಿದರೆ, ಅವಳು ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗುವಿನಲ್ಲೂ ಜಾಗ ನೋಡಿಕೊಂಡೇ ಕೂತಿದ್ದಳು. “ನಡೀರಿ ಮನೆಗೆ” ಎಂದಳು ಕಣ್ಣೊರೆಸಿಕೊಂಡು. “ಈ ಸಲ ನೀವೊಂದ್ ಮಗ್ಗುಲ್ ಬಳೀರಿ, ನಾನೊಂದ್ ಮಗ್ಗುಲ್ ಬಳೀತೀನಿ.”

ಹಾಗೆ ಬಳಿದ ರೆಕ್ಕೆ ಈಗ ದಿವಾನ್ ಮಂಚದ ಮೇಲೆ ಒಣಗುತ್ತಿದೆ. ಮನೆಯಲ್ಲಿ ಒಳ್ಳೆಯ ನೆರಳಿರುವುದು ಅಲ್ಲೇ. ರಿಟೈರಾದವಳಿಗೆ ಪುರುಸೊತ್ತು ಹೆಚ್ಚಾಗಿ ಎರಡನೆಯ ವಿಮಾನವೂ ಶುರುವಾಗಿದೆ. ಅದರ ಬಾಲ ಒಂದು ಕುರ್ಚಿಯ ಮೇಲಿದೆ, ಹೊಟ್ಟೆ ಇನ್ನೊಂದರ ಮೇಲೆ. ಆದ್ದರಿಂದ ಇದಿಷ್ಟನ್ನೂ ನಾನು ಕಿಟಕಿಯ ಕಟ್ಟೆಗೆ ಕಾಗದವಿಟ್ಟುಕೊಂಡು ನಿಂತೇ ಬರೆದಿದ್ದೇನೆ. ಚಿಕ್ಕಂದಿನಲ್ಲಿ ಮನೆಮಂದಿಯೆಲ್ಲ ಸೇರಿ ಅಷ್ಟು ಕಷ್ಟಪಟ್ಟು ಕಲಿಸಿದ ವಿದ್ಯೆ, ಅಂತೂ ವ್ಯರ್ಥವಾಗಲಿಲ್ಲ.