ಹಲ್ಲಿಗೆ ಹಚ್ಚಿದ ಶೆಗಡಿ

ಪುಣೆಯ ಸದಾಶಿವ ಪೇಠದ ರಂಗೂಬಾಯಿಯ ವಾಡೆಯಲ್ಲಿ ಬಾಡಿಗೆಗಿದ್ದ ಗುಮಾಸ್ತ ಕಾಡಪ್ಪನ ಮದುವೆ ಒಂದು ಹಲ್ಲಿಯ ಮೇಲೆ ನಿಂತಿತ್ತು. ಆ ಹಲ್ಲಿಯೋ, ಸಂಕ್ರಮಣಕ್ಕೂ ಮೊದಲಿನಿಂದ ಬಾಯಿ ಬಿಟ್ಟಿರಲಿಲ್ಲ.

ಮೂವತ್ತೊಂದು ದಾಟಿದ ಕಾಡಪ್ಪನಿಗೆ ಹೆಣ್ಣು ಸಿಕ್ಕಿದ್ದೇ ದೊಡ್ಡ ಮಾತು. ಒಬ್ಬರಿಗೆ ಅವನ ಸಂಬಳ ಸಣ್ಣದಾಗಿ ಕಂಡಿತ್ತು, ಇನ್ನೊಬ್ಬರಿಗೆ ಅವನ ಮೀಸೆ ದೊಡ್ಡದಾಗಿ ಕಂಡಿತ್ತು. ಕೊನೆಗೆ ದೌಂಡದ ರೈಲ್ವೆ ಗಾರ್ಡ್ ಸಿದ್ದಲಿಂಗಪ್ಪನ ಮಗಳು ಇಂದೂ ಅವನನ್ನು ನೋಡಿ ತಲೆ ತಗ್ಗಿಸಿ ನಕ್ಕಿದ್ದಳು. ಆ ನಗೆಯನ್ನು ನೆನೆಯುತ್ತ ಕಾಡಪ್ಪ ಕಚೇರಿಯಲ್ಲಿ ಒಂದೇ ಕಾಗದಕ್ಕೆ ನಾಲ್ಕು ಸಲ ಮೊಹರು ಒತ್ತಿ ಬೈಸಿಕೊಂಡಿದ್ದ. ಹಿರಿಯರ ಮಾತುಕತೆ ಮುಗಿದಿತ್ತು. ಒಪ್ಪದೆ ಉಳಿದವಳು ಹುಡುಗಿಯ ಅಜ್ಜಿ ಸಾವಂತ್ರವ್ವ ಒಬ್ಬಳೇ.

"ವರನ ಮನ್ಯಾಗ ಕುಂತು ನಾ ಸಂಬಂಧದ ಮಾತ ಎತ್ತತೀನಿ. ಆ ಮನಿ ಹಲ್ಲಿ ನುಡದ್ರ ಹೂಂ. ನುಡೀಲಿಲ್ಲಂದ್ರ ಊಹೂಂ" ಎಂಬುದು ಅವಳ ಹಟ. ರವಿವಾರ ಬೆಳಗಿನ ಗಾಡಿಗೆ ಬರುತ್ತೇವೆಂದು ಕಾರ್ಡು ಬಂದಿತ್ತು.

ಆ ರವಿವಾರ ಹಲ್ಲು ಕಟಕಟಿಸುವ ಚಳಿ. ಕಾಡಪ್ಪ ಎದ್ದವನೇ ಗೋಡೆಯ ಮೇಲಿದ್ದ ತೀರಿಕೊಂಡ ಅಪ್ಪನ ಪಟ ಸರಿಸಿ ನೋಡಿದ. ಹಿಂದೆ ಹಲ್ಲಿ ಗೋಡೆಗೆ ಅಂಟಿಕೊಂಡಿತ್ತು. ಕಡ್ಡಿಯಿಂದ ತಿವಿದರೂ ಮಿಸುಕಲಿಲ್ಲ. ಸತ್ತೇ ಹೋಯಿತೆಂದು ಅವನು ಹೆದರಿದ. ಮಾಳಿಗೆಗೆ ಓಡಿ, ಅಲ್ಲಿದ್ದ ವಿಜ್ಞಾನದ ಮಾಸ್ತರು, ಧಾರವಾಡದ ಭುಜಂಗರಾಯರನ್ನು ಹೊದ್ದ ಶಾಲಿನ ಸಮೇತ ಎಳೆದು ತಂದ.

"ಸತ್ತಿಲ್ಲೋ, ಸೆಟದದ" ಎಂದರು ಮಾಸ್ತರು ಕನ್ನಡಕ ಏರಿಸಿ. "ಹಲ್ಲಿ, ಹಾವು, ಕಪ್ಪಿ, ಮೀನ, ಇವಕ್ಕ ಮೈಯಾಗ ಸ್ವಂತ ಬಿಸಿ ಅನ್ನೂದು ಇರೂದಿಲ್ಲ. ಹೊರಗ ಥಂಡಿ ಇದ್ರ ಒಳಗೂ ಥಂಡಿ. ಹಸಿವಿಲ್ಲ, ಓಡಾಟಿಲ್ಲ, ಮಾತಂತೂ ದೂರ. ಪಟದ ಕೆಳಗ ಒಂದು ಕೆಂಡದ ಶೆಗಡಿ ಹಚ್ಚಿಡು. ಮೈ ಕಾದ್ರ ತಾನ ನುಡೀತದ. ಇದು ಶಾಸ್ತ್ರ!"

"ನಮಗ ಬೇಕಾದ ಹೊತ್ತಿಗೆ ನುಡೀತದೇನ್ರಿ ಮಾಸ್ತರ್ರ?"

"ಅದು ಶಾಸ್ತ್ರದಾಗ ಬರೂದಿಲ್ಲ" ಎಂದು ಮಾಸ್ತರು ಶಾಲು ಬಿಗಿದುಕೊಂಡು ಮೇಲೆ ಹೋದರು.

ಅಂಗಳದಲ್ಲಿ ಇದ್ದಿಲು ಹೊತ್ತಿಸಿ ಕಾಡಪ್ಪ ಶೆಗಡಿಯನ್ನು ಒಳಗೆ ಒಯ್ಯುವಾಗ ನಲ್ಲಿಯ ಹತ್ತಿರ ರಂಗೂಬಾಯಿ ಅಡ್ಡಬಂದಳು. ಬಾಡಿಗೆಯವರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಬೇಯಿಸುವವರಿಗಿಂತ ಮೊದಲು ಅವಳಿಗೆ ಗೊತ್ತಿರಬೇಕು. ಹಾಡುಹಗಲೇ ಖೋಲಿಯಲ್ಲಿ ಶೆಗಡಿ ಯಾಕೆಂದು ಮರಾಠಿಯಲ್ಲಿ ಜಬರಿಸಿದಳು. ಹಲ್ಲಿಗೆ ಕಾಸುವುದಕ್ಕೆ ಎಂದರೆ ಖೋಲಿ ಖಾಲಿ ಮಾಡಿಸಿಯಾಳು. ಕಾಡಪ್ಪ ಎರಡು ಸಲ ಕೆಮ್ಮಿ ತೋರಿಸಿ, "ಸ್ವಲ್ಪ ಥಂಡಿಯಾಗಿದೆ ಬಾಯಿ" ಎಂದು ಮರಾಠಿಯಲ್ಲೇ ಹೇಳಿ ಒಳಗೆ ನುಸುಳಿದ.

ಬೀಗರಾಗಬೇಕಾದವರು ಟಾಂಗಾದಲ್ಲಿ ಬಂದಿಳಿದರು. ಸಾವಂತ್ರವ್ವ ಮಗನ ಹೆಗಲು ಹಿಡಿದು ಕುಂಟುತ್ತ ಬಂದು, ಶೆಗಡಿಯ ಪಕ್ಕ ಕಾಲು ಚಾಚಿ ಕೂತಳು. ಚಹಾ ಆಯಿತು. ಅವಳು ಗಂಟಲು ಸರಿಮಾಡಿಕೊಂಡು ಪಟದ ಕಡೆ ನೋಡಿ, "ಈ ಕಾಡಪ್ಪ ನಮ್ಮ ಇಂದೂಗ ತಕ್ಕ ವರ" ಎಂದಳು.

ಹಲ್ಲಿ ಗಪ್‌ಚಿಪ್. ಅವಳು ಮತ್ತೊಮ್ಮೆ ಅಂದಳು. ಮತ್ತೂ ಗಪ್‌ಚಿಪ್. ಸಿದ್ದಲಿಂಗಪ್ಪ ತಡವಾದ ಗಾಡಿ ಕಾಯುವವನ ಹಾಗೆ ಗಡಿಯಾರ ತೆಗೆದು ನೋಡಿದ. ಕಾಡಪ್ಪ ಟೊಪ್ಪಿಗೆ ತೆಗೆದು ಕೆಂಡಕ್ಕೆ ಗಾಳಿ ಹಾಕತೊಡಗಿದ. ಖೋಲಿ ಬೆಚ್ಚಗಾಯಿತು, ಅವನ ಮೈ ಬೆವೆತಿತು, ಪಟದ ಹಿಂದೆ ಮಾತ್ರ ಸದ್ದಿಲ್ಲ. ಇಂದೂಳ ನಗು ದೌಂಡದ ಗಾಡಿ ಹತ್ತಿ ಹೋಗುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

ಸಾವಂತ್ರವ್ವ ಮೆಲ್ಲಗೆ ಒಂದು ಕಾಲು ಮಡಚಿದಳು, ಬಿಡಿಸಿದಳು, ಇನ್ನೊಂದು ಮಡಚಿದಳು. ಮುಖ ಅರಳಿತು.

"ಎಂಟ ದಿನದಿಂದ ಈ ಮೊಣಕಾಲ ಮಡಚಾಕ ಬರ್ತಿದ್ದಿಲ್ಲ. ಮುದುಕಿ ಬರ್ತಾಳಂತ ಶೆಗಡಿ ಹಚ್ಚಿಟ್ಟಾನ ನೋಡೋ ಸಿದ್ದಲಿಂಗಾ! ಹೊಟ್ಯಾಗ ಹುಟ್ಟಿದ ನಿನಗ ಇಷ್ಟು ಹೊಳದಿತ್ತೇನು? ಆ ಹಲ್ಲಿ ಹಾಳಾಗಿ ಹೋಗಲಿ. ನಾನ ಹೂಂ ಅಂದೆ. ಸಕ್ಕರಿ ಹಂಚರಿ!"

ಕಾಡಪ್ಪನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಓಡಿಹೋಗಿ ಸಕ್ಕರೆಯ ತಾಟು ತಂದು ಅಜ್ಜಿಯ ಅಂಗೈ ತುಂಬ ಸುರಿದ. ಅಷ್ಟರಲ್ಲಿ ರಂಗೂಬಾಯಿ ಹಬೆಯಾಡುವ ಕಷಾಯದ ಲೋಟ ಹಿಡಿದು ಒಳಗೆ ಬಂದಳು.

"ಮುಂಜಾನೆಯಿಂದ ಶೆಗಡಿ ಬಿಟ್ಟು ಕದಲಿಲ್ಲ ನೀನು" ಎಂದಳು ಮರಾಠಿಯಲ್ಲಿ. "ಇದು ಬರೀ ಥಂಡಿಯಲ್ಲ ಕಾಡಪ್ಪಾ, ಎದೆರೋಗ. ಬೇಕಾದರೆ ಬರೆದುಕೊಡುತ್ತೇನೆ."

ಸಾವಂತ್ರವ್ವ ನಕ್ಕುಬಿಟ್ಟಳು. ಹಾಗೇನಿಲ್ಲ ಎನ್ನಲು ಕಾಡಪ್ಪ ಬಾಯಿ ತೆರೆದ. ಅವನಿಗಿಂತ ಮೊದಲು ಪಟದ ಹಿಂದಿನ ಬಾಯಿ ತೆರೆಯಿತು.

"ಲೊಚ್! ಲೊಚ್! ಲೊಚ್!"

ಸಾವಂತ್ರವ್ವ ಸಕ್ಕರೆಯನ್ನು ತಾಟಿಗೆ ಸುರಿದು, ನೆಲಕ್ಕೆ ಮೂರು ಸಲ ಬೆರಳು ಬಡಿದಳು. "ಶಿವಶಿವಾ! ಖರೇ ಅಂತು."

"ಅವ್ವಾರ, ರಂಗೂಬಾಯಿ ಮಾತಾಡಿದ್ದು ಮರಾಠ್ಯಾಗ್ರಿ!" ಎಂದು ಕಾಡಪ್ಪ ಅಂಗಲಾಚಿದ.

"ಪುಣೇದ ಹಲ್ಲಿಗೆ ಮರಾಠಿ ತಿಳೀದ ಇರ್ತದೇನೋ?" ಎಂದು ಅವಳು, ಯಾರ ಹೆಗಲೂ ಹಿಡಿಯದೆ, ಸರಸರನೆ ಅಂಗಳ ದಾಟಿ ಟಾಂಗಾ ಏರಿದಳು.

ಸದ್ದು ಕೇಳಿ ಭುಜಂಗರಾಯರು ಇಳಿದು ಬಂದರು. ಅಪ್ಪನ ಪಟದ ಮೇಲೆ ಹಲ್ಲಿ ಬಾಲ ಎತ್ತಿ ಅಡ್ಡಾಡುತ್ತಿತ್ತು. "ನೋಡಿದ್ಯಾ, ನಾ ಹೇಳಿದ್ದು ಸುಳ್ಳಾತೇನು?" ಎಂದು ಅವರು ಕಾಡಪ್ಪನ ಬೆನ್ನು ಚಪ್ಪರಿಸಿದರು.

ಕಾಡಪ್ಪ ಕಷಾಯದ ಒಂದು ಗುಟುಕು ಕುಡಿದ. ಲೋಟ ಅವನ ಕೈಯಲ್ಲಿತ್ತು, ರಂಗೂಬಾಯಿ ಎದುರಿಗೆ ನಿಂತಿದ್ದಳು. ಅವನು ಕೊನೆಯ ಹನಿ ಕುಡಿಯುವ ತನಕ ಅವಳು ಹೋಗುವಂತಿರಲಿಲ್ಲ.