ಅಧ್ಯಕ್ಷರ ಬೆಂಚು

ಆನವಟ್ಟಿ ಬಸ್‌ಸ್ಟ್ಯಾಂಡಿನ ಅಂಗಡಿಕಾರರ ಸಂಘಕ್ಕೆ ಲೋಕಪ್ಪನನ್ನು ಅಧ್ಯಕ್ಷ ಮಾಡಿದ್ದಕ್ಕೆ ಕಾರಣ ಒಂದೇ: ಅವನು ಯಾರಿಗೂ ಅಡ್ಡ ಬರುವವನಲ್ಲ. ಅವನ ಚಾದಂಗಡಿಯಲ್ಲಿ ಚಾ ಕಾಯಿಸುವವಳು ಹೆಂಡತಿ ಬಸಕ್ಕ. ಲೋಕಪ್ಪ ಅಂಗಡಿ ಮುಂದಿದ್ದ ಸಂಘದ ಬೆಂಚಿನ ಮೇಲೆ, ಮದುವೆಮನೆಗೆ ಬಂದ ಬೀಗರ ಹಾಗೆ, ಬೆಳಗಿನಿಂದ ಸಂಜೆವರೆಗೆ ಕೂತು ದೇಶ ಆಳುತ್ತಿದ್ದ.

ಆವತ್ತು ಬೆಳಿಗ್ಗೆ ಸಂಘದವರು ಆ ಬೆಂಚಿಗೇ ಕೈ ಹಾಕಿದರು.

"ಸೊರಬದ ಬಸ್ಸಿಗೆ ಕಾಯೋ ಮುದುಕೀರು ನಿಂತೇ ಇರ್ತಾರೆ. ಬೆಂಚು ರಸ್ತೆ ಆಚೆ ಹಾಕೋಣ ಅಂತ ಎಲ್ಲಾರೂ ಒಪ್ಪಿದಾರೆ. ನೀವೊಂದು ಸಹಿ ಹಾಕ್ರಿ," ಎಂದ ಕಾರ್ಯದರ್ಶಿ, ಟೈಲರ್ ಮುನಾಫ್.

"ನಾನು ಒಪ್ಪದಿದ್ರೆ?"

ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ಜೆರಾಕ್ಸ್ ಅಂಗಡಿಯ ಪವಿತ್ರ, ಸಂವಿಧಾನವನ್ನು ತೊಡೆ ಮೇಲಿಟ್ಟುಕೊಂಡೇ ಸಂಘದ ಬೈಲಾ ಬರೆದಿದ್ದಳು. "ರಾಷ್ಟ್ರಪತಿಗಳ ಥರಾನೇ ಅಣ್ಣ. ಒಂದ್ಸಲ ವಾಪಸ್ ಕಳಿಸಬಹುದು. ಮತ್ತೆ ಪಾಸಾಗಿ ಬಂದ್ರೆ ಅಂಕಿತ ಹಾಕ್ಲೇಬೇಕು."

"ವಾಪಸ್!" ಎಂದ ಲೋಕಪ್ಪ. ಅಧಿಕಾರದ ರುಚಿ ಹತ್ತಿದ್ದು ಅದೇ ಮೊದಲು. ಅದೂ ಅವಲಕ್ಕಿ ನೆನೆಯುವಷ್ಟು ಹೊತ್ತು ಉಳಿಯಲಿಲ್ಲ. ಸಂಘದವರು ನಿಂತಲ್ಲೇ ಮತ್ತೆ ಕೈ ಎತ್ತಿದರು.

"ಈಗ ಹಾಕ್ರಿ ಮಾರಾಯ್ರೆ," ಎಂದ ಮುನಾಫ್.

"ಎಷ್ಟು ದಿನದೊಳಗೆ ಹಾಕ್ಬೇಕವ್ವಾ?"

ಪವಿತ್ರ ತಲೆ ಕೆರೆದುಕೊಂಡಳು. "ಅದು... ಸಂವಿಧಾನದಲ್ಲೂ ದಿನ ಬರೆದಿಲ್ಲ ಅಣ್ಣ."

ಲೋಕಪ್ಪ ಟವೆಲ್ಲು ಕೊಡವಿ ಎದ್ದವನೇ ಶಿಕಾರಿಪುರದ ಬಸ್ಸು ಹತ್ತಿಬಿಟ್ಟ. "ಯೋಚನೆ ಮಾಡ್ತೀನ್ರೀ!" ಎಂದು ಕಿಟಕಿಯಿಂದ ಕೂಗಿದ.

ಶಿಕಾರಿಪುರದಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ. ತಂಗಿ ಈಶ್ವರಮ್ಮನ ಮನೆಯಲ್ಲಿ ರೊಟ್ಟಿ ಮುರಿಯುತ್ತ, "ಸಹಿ ನನ್ನ ಕೈಲೈತೆ, ಕೈ ಇಲ್ಲೈತೆ. ಬೆಂಚು ಹೆಂಗೆ ಎದ್ದೀತು?" ಎಂದು ನಕ್ಕ.

ಸಂಜೆ ಬಂದು ಇಳಿದರೆ ಅಂಗಡಿ ಮುಂದಿನ ಜಾಗ ಹಲ್ಲು ಕಿತ್ತ ದವಡೆಯಂತಿತ್ತು. ರಸ್ತೆಯಾಚೆ, ಬೆಂಚಿನ ಮೇಲೆ, ಇಬ್ಬರು ಮುದುಕಿಯರು ಎಲೆಅಡಿಕೆ ಮೆಲ್ಲುತ್ತಿದ್ದರು.

"ನನ್ನ ಸಹಿ ಇಲ್ದೆ ಹೆಂಗ್ರೀ?"

"ರಾಷ್ಟ್ರಪತಿ ಇಲ್ದಾಗ ಉಪರಾಷ್ಟ್ರಪತಿ ಕೆಲಸ ನೋಡ್ತಾರಲ್ಲ ಅಣ್ಣ? ನಮ್ಮ ಬೈಲಾನೂ ಹಂಗೇ," ಎಂದಳು ಪವಿತ್ರ. "ಉಪಾಧ್ಯಕ್ಷರು ಹಾಕಿದ್ರು."

ಲೋಕಪ್ಪ ಅಂಗಡಿಯೊಳಗೆ ತಿರುಗಿ ನೋಡಿದ. ಮೀಟಿಂಗಿಗೂ ಬರೋದಿಲ್ಲ, ಬಾಯೂ ಹಾಕೋದಿಲ್ಲ ಎಂದು ಉಪಾಧ್ಯಕ್ಷತೆಗೆ ಬಸಕ್ಕನ ಹೆಸರು ಸೂಚಿಸಿದವನು ಅವನೇ.

ಬಸಕ್ಕ ಒಲೆಯಿಂದ ಕಣ್ಣೆತ್ತಲಿಲ್ಲ. "ನಿಮ್ಮನ್ನ ಅದರ ಮೇಲಿಂದ ಎಬ್ಸಿ ಎಬ್ಸಿ ಸಾಕಾಗಿತ್ತು. ನೀವಂತೂ ಏಳ್ಲಿಲ್ಲ, ಬೆಂಚಾದ್ರೂ ಏಳಲಿ ಅಂತ ಹಾಕ್ದೆ. ತಗಳ್ರಿ, ಎರಡು ಚಾ, ಆಚೆ ಬೆಂಚಿಗೆ."

ಲೋಕಪ್ಪ ಚಾ ಕೊಟ್ಟು, ಅಭ್ಯಾಸಬಲದಿಂದ ಬೆಂಚಿನ ತುದಿಗೆ ಕೂರಲು ಹೋದ.

"ನೀನು ಯಾವ ಬಸ್ಸಿಗಪ್ಪಾ?" ಎಂದಳು ಮುದುಕಿ.

"ಯಾವ ಬಸ್ಸಿಗೂ ಇಲ್ಲ."

"ಹಂಗಾದ್ರೆ ಏಳಪ್ಪ. ಹಿಂದೆ ಏನೋ ಬರೆದಾರೆ ನೋಡು."

ಹಸಿ ಬಣ್ಣದಲ್ಲಿ ಮುನಾಫನ ಅಕ್ಷರ: 'ಪ್ರಯಾಣಿಕರಿಗೆ ಮಾತ್ರ. ಅಪ್ಪಣೆ: ಅಧ್ಯಕ್ಷ ಲೋಕಪ್ಪನವರು.'