ಮೊಣಕಾಲಿನ ತಪ್ಪಿಲ್ಲ

"ಆರು ತಿಂಗಳು. ಅಷ್ಟರೊಳಗ ಮಷೀನ್ ಹೊತ್ಕೊಂಡು ಮನಿಗಿ ಹೋಗ್ತಾಳ, ನೋಡ್ಕೋಂತ ಇರ್ರಿ" ಎಂದು ಮಸ್ಕಿಯ ಬಜಾರಿನಲ್ಲಿ ನಿಂತು ಹೇಳಿದವರು ನನ್ನ ಗಂಡನ ಸೋದರಮಾವ. ಅವರದು ಜವಳಿ ಅಂಗಡಿ. ಒಂದು ಹಳೆಯ ಹೊಲಿಗೆ ಮಷೀನಿನೊಂದಿಗೆ ನಾನು ಬಂದು ಕೂತದ್ದು ಅದರ ಎದುರಿಗೇ. ಬೇರೆಲ್ಲೂ ಜಾಗ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಇತ್ತು.

ಆ ಆರು ತಿಂಗಳು ಮುಗಿದು ನನ್ನ ಮಗಳ ಮದುವೆಯೂ ಆಗಿಹೋಯಿತು. ಟೇಪು ಹಿಡಿದು ಮೈ ಅಳೆಯುವವಳ ಮುಂದೆ ಜನ ತಮ್ಮ ನೋವನ್ನೂ ಅಳತೆಗೆ ಕೊಡುತ್ತಾರೆ. ಹೀಗಾಗಿ ಸೊಂಟ, ಭುಜ, ಮೊಣಕಾಲುಗಳ ಪ್ರಸಂಗಗಳಿಗೆ ನನ್ನ ಅಂಗಡಿಯಲ್ಲಿ ಬರ ಬಂದದ್ದೇ ಇಲ್ಲ. ಹೋದ ವರ್ಷ ಸರದಿ ನನಗೇ ಬಂತು. ಬಲ ಮೊಣಕಾಲು ಹಟ ಹಿಡಿಯಿತು. "ಮಷೀನ್ ತುಳಿಯೂದು ಬಿಡಬೇಕಾಗ್ತದ" ಎಂದರು ಡಾಕ್ಟರು. ನೋವು ತಡೆದುಕೊಳ್ಳಬಲ್ಲೆ. ಆದರೆ ಮಾವ ಗೆದ್ದುಬಿಡುತ್ತಾರಲ್ಲ!

ಅದು ಕೊನೆಗಿರಲಿ. ಮೊದಲು ಬೇರೆಯವರದು ಹೇಳುತ್ತೇನೆ. ಬೇರೆಯವರ ನೋವಿಗೆ ನಗುವುದು ಸುಲಭ.

ನೆಟ್ಟಗಾದ ಗಿರಾಕಿ

ಹಳ್ಳಿಯಿಂದ ಬರುವ ಗಿರಾಕಿಯೊಬ್ಬಳು. ಚಿಕ್ಕಂದಿನಿಂದ ನೀರಿನ ಕೊಡ ಎಡ ಸೊಂಟದ ಮೇಲೆ, ಆಮೇಲೆ ಮಕ್ಕಳೂ ಅಲ್ಲೇ. ಬಲಭುಜ ಎತ್ತರ, ಎಡಭುಜ ತಗ್ಗು. ನಾನು ಜಾಣತನ ಮಾಡಿ ಆಕೆಯ ಜಂಪರನ್ನೂ, ಅಂದರೆ ಕುಪ್ಪಸವನ್ನೂ, ಹಾಗೆಯೇ ಓರೆಯಾಗಿ ಕತ್ತರಿಸುತ್ತಿದ್ದೆ. ಮೈಗೆ ಎರಕ ಹೊಯ್ದಂತೆ ಕೂರುತ್ತಿತ್ತು.

ಒಂದು ದಿನ ಜಗಳಕ್ಕೇ ಬಂದಳು. "ಯಕ್ಕಾ, ಹೊಲಿಯೂದು ಮರತಿಯೇನು? ಎಲ್ಲಾ ಜಂಪರ್ ಸೊಟ್ಟ ಅದಾವ!"

"ಇಷ್ಟು ವರ್ಷ ಬರೋಬರಿ ಇದ್ವಲ್ಲ?"

"ಸೊಂಟ ನೋವಂತ ಆಸ್ಪತ್ರಿಗಿ ಹೋಗಿದ್ದೆ. ಕೊಡ ಒಂದs ಕಡಿ ಹೊರಬ್ಯಾಡ, ಕಡಿ ಬದಲಿ ಮಾಡು ಅಂದ್ರು. ಮಾಡೀನಿ. ನೋವು ಕಡಿಮಿ ಆಗ್ಯಾದ. ಜಂಪರ್ ಕೆಟ್ಟಾವ."

"ಜಂಪರ್ ಕೆಟ್ಟಿಲ್ಲವ್ವಾ, ನೀ ನೆಟ್ಟಗಾಗೀದಿ."

ಆಕೆ ಸ್ವಲ್ಪ ಯೋಚಿಸಿ ಹೇಳಿದಳು: "ಹಂಗಾರ ಮೊದಲs ನೀ ನೆಟ್ಟಗ ಹೊಲಿದಿದ್ರ ನಾ ಅವಾಗs ನೆಟ್ಟಗಾಗ್ತಿದ್ದೆ."

ಎಲ್ಲವನ್ನೂ ಬಿಚ್ಚಿ ಹೊಲಿದುಕೊಟ್ಟೆ.

ಖಾಲಾನ ಕುರ್ಚಿ

ಪಕ್ಕದ ಬಳೆ ಅಂಗಡಿಯ ಮುದುಕಿ, ಬಜಾರಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಊರಿನ ಅರ್ಧ ಹೆಂಗಸರಿಗೆ ಬಳೆ ತೊಡಿಸಿದವರು. ಮೊಣಕಾಲು ಹಿಡಿದಾಗ ಡಾಕ್ಟರು ಕುರ್ಚಿ ಮೇಲೆ ಕೂರಲು ಹೇಳಿದರು. ಮೊಮ್ಮಗಳು ಪ್ಲಾಸ್ಟಿಕ್ ಕುರ್ಚಿ ತಂದಳು.

ಮರುದಿನ ಹೋಗಿ ನೋಡಿದರೆ ಖಾಲಾ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ! ಬಳೆಗಳು ಮಾತ್ರ ನೆಲದ ಮೇಲೆಯೇ. ಪ್ರತಿ ಡಜನ್ನಿಗೂ ಮೇಲಿನಿಂದ ಬಾವಿಗೆ ಬಗ್ಗಿದ ಹಾಗೆ ಬಗ್ಗುತ್ತಿದ್ದಾರೆ.

"ಖಾಲಾ, ಕಾಲು ಕೆಳಗ ಬಿಡ್ರಿ."

"ಡಾಕ್ಟರ್ ಸಾಬ್ ಕುರ್ಚಿ ಮ್ಯಾಲ ಕುಂದ್ರು ಅಂದ್ರು, ಕುಂತೀನಿ. ಕಾಲು ನನ್ನವು."

"ಈಗ ನೋವು ಹೆಂಗೈತ್ರಿ?"

"ಖುಷಿಲಿಂದ ಐತಿ ಬೇಟಿ. ಮೊದಲ ಪಾಪ ಮೊಣಕಾಲು ಒಂದs ಅಳ್ತಿತ್ತು, ಈಗ ಸೊಂಟ ಜೋಡಿ ಸಿಕ್ಕದ."

ಲಿಂಗಸುಗೂರಿಗೆ ಗುಟ್ಟಾಗಿ

ಈಗ ನನ್ನ ಮೊಣಕಾಲು. ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ. ಮಷೀನಿಗೆ ಮೋಟರ್ ಹಾಕಿಸು ಎಂದರು. ಕರೆಂಟು ಹೋದಾಗ ನಾನು ಕೈಕಟ್ಟಿ ಕೂತರೆ ಎದುರಿನಿಂದ ಮಾವ ನೋಡುವುದಿಲ್ಲವೇ? ಬೇಡ ಎಂದೆ. ಶಾಲೆ ಕಾಣದಿದ್ದರೂ ಬಟ್ಟೆ ಸುತ್ತಿ ಬಂದ ಪೇಪರುಗಳಿಂದಲೇ ಓದು ಕಲಿತವಳು ನಾನು. ಮೊಣಕಾಲಿನ ಬಗ್ಗೆ ಬಂದದ್ದನ್ನೆಲ್ಲ ಓದಿದೆ. ಎಲ್ಲದರಲ್ಲೂ ಮೊಣಕಾಲಿನ ಚಿತ್ರವೇ ಇತ್ತು.

ಕೊನೆಗೆ, ದಾರದ ಉಂಡೆ ತರುತ್ತೇನೆಂದು ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು, ಒಂದು ಸ್ಟೂಲು ಹಾಕಿದಳು. "ಮಷೀನ್ ಮುಂದ ಹೆಂಗ ಕುಂದರ್ತೀರಿ, ಹಂಗs ಕುಂದರ್ರಿ ಅಮ್ಮಾ."

ಕೂತೆ. ಗಾಳಿಯಲ್ಲೇ ಕಾಲು ತುಳಿದೆ. ಆಕೆ ಮೊಣಕಾಲನ್ನು ನೋಡಲೇ ಇಲ್ಲ.

"ಅಮ್ಮಾ, ಎಡಗಡಿ ಏನೈತ್ರಿ?"

"ಗೋಡಿ ಐತಿ."

"ಇಲ್ಲಿ ಅಲ್ಲರಿ, ನಿಮ್ಮ ಅಂಗಡ್ಯಾಗ. ಕುಂತ ಕೂಡ್ಲೆ ಕುತ್ತಿಗಿ ಆ ಕಡಿ ತಿರುಗ್ತು. ಅದರ ಹಿಂದ ಭುಜ ಹೊಂಟ್ತು, ಸೊಂಟ ತಿರುಚ್ಕೊಂತು, ಭಾರ ಎಲ್ಲಾ ಒಂದs ಮಗ್ಗಲಿಗಿ ಬಿತ್ತು. ಕಾಲು ಸೊಟ್ಟ ತುಳ್ಯಾಕತ್ತದ. ಮೊಣಕಾಲಿನ ತಪ್ಪಿಲ್ಲ ಅಮ್ಮಾ, ಅದು ಮ್ಯಾಲಿನವರ ಸಂಸಾರ ಹೊರಾಕತ್ತದ."

ಎಡಗಡೆ ಇರುವುದು ರಸ್ತೆ. ರಸ್ತೆಯ ಆಚೆ ಮಾವನ ಅಂಗಡಿ. ನಾನು ದುಡಿಯುವುದನ್ನು ಅವರು ನೋಡುತ್ತಿದ್ದಾರೋ ಇಲ್ಲವೋ ಎಂದು ಇಷ್ಟು ವರ್ಷ ತಿರುಗಿ ತಿರುಗಿ ನೋಡಿದ್ದೇನೆ!

ಅಷ್ಟರಲ್ಲಿ ಪರದೆಯ ಆಚೆಯಿಂದ ಕೆಮ್ಮು ಕೇಳಿಸಿತು. ನನಗೆ ಗೊತ್ತಿದ್ದ ಕೆಮ್ಮು. ಸರಿಸಿ ನೋಡಿದರೆ, ಕುತ್ತಿಗೆಗೆ ಬಿಸಿ ಪಟ್ಟಿ ಹಾಕಿಸಿಕೊಂಡು ಮಾವ ಮಲಗಿದ್ದಾರೆ.

"ಮಾವಾರs! ನೀವು ಇಲ್ಲಿ?"

"ಇವರಿಗೂ ಅದs ರೋಗರಿ," ಎಂದಳು ಹುಡುಗಿ. "ಇವರದು ಬಲಕ್ಕ ತಿರುಗ್ಯಾದ."

ಮಾವ ಸೂರು ನೋಡುತ್ತಾ ಹೇಳಿದರು: "ಈಕಿ ಯಾವಾಗ ಮಷೀನ್ ಹೊತ್ಕೊಂಡು ಹೋಗ್ತಾಳ ಅಂತ ನೋಡಿ ನೋಡಿ ನನ್ನ ಕುತ್ತಿಗಿ ಹೋತು. ಈಕಿ ಮಾತ್ರ ಹೋಗಲಿಲ್ಲ."

ಒಂದೇ ಬಸ್ಸಿನಲ್ಲಿ ವಾಪಸಾದೆವು. ಮಾವ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು, "ಹೊರಗ ತಿರುಗಿ ನೋಡಬ್ಯಾಡ, ನೆಟ್ಟಗ ಕುಂದರು" ಎಂದು ಗದರಿದರು. ನನ್ನ ಮೊಣಕಾಲಿಗೆ ತಾಗದ ಹಾಗೆ ತಮ್ಮ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ಹೋಗಿ ಮಷೀನನ್ನು ರಸ್ತೆಗೆ ನೇರವಾಗಿ ತಿರುಗಿಸಿದೆ. ತಲೆ ಎತ್ತಿದರೆ, ಎದುರಿನ ಅಂಗಡಿಯಲ್ಲಿ ಆಳುಗಳು ಮಾವನ ಗಾದಿಯನ್ನು ರಸ್ತೆಗೆ ನೇರವಾಗಿ ತಿರುಗಿಸುತ್ತಿದ್ದರು. ಈಗ ದಿನವಿಡೀ ಮುಖಾಮುಖಿ. ನೋಡುವುದನ್ನು ಬಿಡಿ ಎಂದು ಆ ಹುಡುಗಿ ಹೇಳಿರಲಿಲ್ಲವಲ್ಲ, ನೆಟ್ಟಗೆ ಕೂರಿ ಎಂದಿದ್ದಳು, ಅಷ್ಟೇ.

ಮಷೀನ್ ಬಿಡಲಿಲ್ಲ, ಈಗಲೂ ತುಳಿಯುತ್ತಿದ್ದೇನೆ. ಇವತ್ತು ಮಸ್ಕಿ ಬಜಾರಿನಲ್ಲಿ ನನ್ನದೇ ಹೆಸರಿನ ಅಂಗಡಿ ಇದೆ, ಎರಡು ಮಷೀನು, ಕಟಿಂಗ್ ಟೇಬಲ್ಲು, ಬಾಗಿಲಿಗೆ ಸ್ವಂತ ಬೀಗ ಇವೆ. ಇಷ್ಟಕ್ಕೆ ಖರ್ಚಾದದ್ದು ನನ್ನ ಅರ್ಧ ಮೊಣಕಾಲು ಮತ್ತು ಮಾವನ ಪೂರ್ತಿ ಕುತ್ತಿಗೆ.